ಮೊದಲನೇ ನೆರೆಯವಳು

ಸ್ವೆಂಡ್‌ಬೋರ್ಗ್, ಮಾರ್ಚ್ 3, 2011

ಪ್ರಿಯ ಲೀವನ್ ಅವರೇ,

ನೀವು ಹೇಳಿದ ಹಾಗೆ ಕಾಗದದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಇಮೇಲನ್ನು ನಿಮಗಿಂತ ಮುಂಚೆ ನಿಮ್ಮ ಅಕ್ಕ ಗೊಡೆಲೀವ್ ಓದುತ್ತಾರೆ ಅಂದಮೇಲೆ ಇನ್ನೇನು ಮಾಡುವುದು? ಇಂಟರ್ನೆಟ್ಟಿನ ನಮ್ಮ ಹಾಡಿನ ಅಂಗಡಿ ಟೊನೇರಿಯಾದ ಹರಟೆಕಟ್ಟೆಯಲ್ಲಂತೂ ನೆಮ್ಮದಿಯಾಗಿ ನಾಲ್ಕು ಮಾತಾಡುವ ಕಾಲ ಹೋಯಿತು. ಒಳಗೆ ಕಾಲಿಟ್ಟರೆ ಸಾಕು, ಚಂದಾದಾರರೆಲ್ಲ ಸಾವಿನ ಮನೆಯಲ್ಲಿ ಕೂತವರ ಹಾಗೆ ಗೋಳಾಡುತ್ತಿರುತ್ತಾರೆ.

ಗೋಳಾಡದೆ ಏನು ಮಾಡಿಯಾರು ಹೇಳಿ. ನಮ್ಮ ಹಾಡಿನ ಅಂಗಡಿ ನಮ್ಮ ಕಣ್ಣೆದುರೇ ಸೊರಗುತ್ತಿದೆ. ದೊಡ್ಡ ಕಂಪನಿಗಳು ಬಂದು ಮೆರೆದು ಕೂತವು, ಚಂದಾ ಏರಿತು, ತಿಂಗಳಿಗಿಷ್ಟು ಎಂದು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಕೊಡುತ್ತಿದ್ದ ಹಾಡಿನ ಪಡಿ ಇಳಿಯಿತು, ನಮಗೆ ಬೇಕಾದ ಸಣ್ಣ ಕಂಪನಿಗಳೆಲ್ಲ ಒಂದೊಂದಾಗಿ ಗಂಟುಮೂಟೆ ಕಟ್ಟಿದವು. ನಾವಿಬ್ಬರೂ ಏಪ್ರಿಲ್‌ಗೆಂದು ಗುರುತು ಹಾಕಿಟ್ಟಿದ್ದ ಡಬಲ್ ಬಾಸ್ ವಾದ್ಯದ ಆಲ್ಬಮ್ ಇತ್ತಲ್ಲ, ಮೊನ್ನೆ ನೋಡಿದರೆ ಅದೂ ಮಾಯ. ಅದರ ಜಾಗದಲ್ಲಿ 'ಈ ವಸ್ತು ಲಭ್ಯವಿಲ್ಲ' ಎಂಬ ಒಂದು ಬೂದು ಗೆರೆ.

ಆದರೂ ನೀವು ಅಂಗಡಿ ಬಿಡಬೇಡಿ. ಪಡಿ ಎಷ್ಟೇ ಸಣ್ಣದಾಗಲಿ, ತಿಂಗಳ ಮೊದಲ ಭಾನುವಾರ ಮಧ್ಯಾಹ್ನದ ಕಾಫಿ ಆದಮೇಲೆ ನೀವು ಗೆಂಟ್‌ನಲ್ಲಿ, ನಾನು ಇಲ್ಲಿ, ಒಂದೇ ಆಲ್ಬಮ್ಮನ್ನು ಒಂದೇ ಹೊತ್ತಿಗೆ ಹಾಕಿ ಕೂರುವುದು ತಪ್ಪಬಾರದು. ವಾರವಿಡೀ ಎರೋ ದ್ವೀಪದ ಹಡಗಿಗೆ ಟಿಕೆಟ್ ಹರಿದುಕೊಡುವವಳಿಗೆ ಆ ಒಂದು ಗಂಟೆಯೇ ಪ್ರವಾಸ. ಅಂಗಡಿಯಲ್ಲಿರುವ ನನ್ನ ಪುಟದ 'ನಿಮ್ಮ ಅಭಿರುಚಿಯ ನೆರೆಯವರು' ಎಂಬ ಸಾಲಿನಲ್ಲಿ ಇಂದಿಗೂ ನಿಮ್ಮದೇ ಮೊದಲ ಹೆಸರು. ನಿಮ್ಮ ಪುಟದಲ್ಲಿ ನನ್ನದು. ಯಾರು ಏನೇನು ಇಳಿಸಿಕೊಂಡರೆಂದು ನೋಡಿ ಯಂತ್ರ ಹಾಕಿದ ಲೆಕ್ಕವೇ ಇರಬಹುದು, ಆದರೂ ನೋಡಲು ಹಿತವಾಗಿರುತ್ತದೆ.

ಅಂದಹಾಗೆ, ಉಳಿದ ಪಡಿ ಮುಂದಿನ ತಿಂಗಳಿಗೆ ದಾಟುವುದಿಲ್ಲವೆಂದು ಕೊನೆಯ ದಿನ ತಳ ಕೆರೆಯಲು ಹೋಗಿ, ಉಳಿದಷ್ಟೇ ಹಾಡಿರುವ ಆಲ್ಬಮ್ ಸಿಕ್ಕಿತೆಂದು ನೀವು ಮಕ್ಕಳ ಕ್ರಿಸ್‌ಮಸ್ ಮೇಳ ಇಳಿಸಿಕೊಂಡದ್ದನ್ನು ನನ್ನ ಜೊತೆ ಕೆಲಸ ಮಾಡುವ ಮೆರೆಟೆಗೆ ಹೇಳಿದೆ. ನಕ್ಕೂ ನಕ್ಕೂ ಅವಳ ಕನ್ನಡಕ ಬಿತ್ತು.

ಕೊನೆಗೊಂದು ಮಾತು. ಇಬ್ಬರೂ ಶಾಲೆಯಲ್ಲಿ ಕಲಿತ ಜರ್ಮನ್‌ನಲ್ಲೇ ಬರೆಯುತ್ತಿದ್ದೇವೆ. ಈ 'ನೀವು' ಬರೆದಾಗಲೆಲ್ಲ ನನಗೆ ಬೆತ್ತ ಹಿಡಿದ ಜರ್ಮನ್ ಮೇಷ್ಟರೇ ಎದುರಿಗೆ ಬರುತ್ತಾರೆ. ಮುಂದಿನ ಕಾಗದದಿಂದ 'ನೀನು' ಅಂದರೆ ಬೇಸರವೇ?

ನಿಮ್ಮ
ಬೋಡಿಲ್


ಗೆಂಟ್, ಮಾರ್ಚ್ 14, 2011

ಪ್ರಿಯ ಬೋಡಿಲ್,

ಬೇಸರವಿಲ್ಲ. ನೀನು. ನೋಡು, ಬರೆದೆ. ಹಲ್ಲಿನ ಸೆಟ್ ಮಾಡುವಾಗ ಬಣ್ಣ ಕೂಡಿಸಲು ಒಂದೊಂದು ಹಲ್ಲನ್ನೂ ಬೆಳಕಿಗೆ ಹಿಡಿದು ನೋಡುತ್ತೇನಲ್ಲ, ಹಾಗೆ ಆ ಪದವನ್ನೇ ನೋಡುತ್ತಿದ್ದೆ.

ನನ್ನ ಕೆಲಸದ ಕೋಣೆಯಲ್ಲಿ ಈ ವಾರವಿಡೀ ಮೇಲ್ದವಡೆಗಳ ಮೆರವಣಿಗೆ. ಅವುಗಳ ನಡುವೆ ಕೂತು ಫೆಬ್ರವರಿಯ ನಮ್ಮ ಆಲ್ಬಮ್ಮನ್ನು ಮತ್ತೆ ಮತ್ತೆ ಕೇಳಿದೆ. ಗೊಡೆಲೀವ್ ಬಾಗಿಲಲ್ಲಿ ನಿಂತು, "ಲೀವನ್, ಇದೇನು ಹಾಡೋ, ಯಾರೋ ಮಂಚ ಎಳೀತಿರೋ ಸದ್ದೋ?" ಅಂದಳು. ಡಬಲ್ ಬಾಸ್ ಅಂದೆ. "ಅದಕ್ಕೆ ದುಡ್ಡು ಬೇರೆ ಕೊಡ್ತೀಯಲ್ಲ! ಮಂಚ ನಾನೇ ಎಳೀತಿದ್ದೆ, ಪುಕ್ಕಟೆ" ಅಂದಳು. ಅಕ್ಕನೊಡನೆ ಒಂದೇ ಮನೆಯಲ್ಲಿ ಇರುವವನಿಗೆ ದಿನಾ ಇದೇ ಮಂಗಳಾರತಿ.

ಅಂಗಡಿ ಬಿಡುವುದಿಲ್ಲ, ಮಾತು ಕೊಟ್ಟೆ. ಹರಟೆಕಟ್ಟೆಯಲ್ಲಿ ಒಬ್ಬ ಫಿನ್ಲೆಂಡಿನವ ದಿನಕ್ಕೊಂದು ಸಲ 'ನಾನು ಹೊರಟೆ' ಎಂದು ಬರೆಯುತ್ತಾನೆ, ಮಾರನೇ ದಿನ ಅಲ್ಲೇ ಇರುತ್ತಾನೆ. ನಾನು ಅಂಥವನಲ್ಲ. ಇದ್ದರೆ ಇರುತ್ತೇನೆ, ಹೋದರೆ ಹೋಗುತ್ತೇನೆ.

ಒಂದು ಮಾತು ಕೇಳಲೇ? ಈಚೆಗೆ ನೀನು ಹೊಸದಾಗಿ ಏನನ್ನಾದರೂ ಕೇಳುತ್ತಿದ್ದೀಯಾ? ನನಗೆ ಹೇಳದೆ? ಕೇಳಬಾರದೆಂದಲ್ಲ. ಕಿವಿ ಅವರವರದು. ಆದರೆ ಒಂದು ಯೋಚನೆ ಬಂತು. ತಿಂಗಳ ಕೊನೆಯ ದಿನ ತಳ ಕೆರೆದದ್ದಕ್ಕೆ ಅರ್ಥವಿಲ್ಲ, ಯಾರು ಏನು ಬೇಕಾದರೂ ಇಳಿಸಿಕೊಂಡಾರು. ತಿಂಗಳ ನಡುವೆ ಒಬ್ಬರು ಒಂದು ಆಲ್ಬಮ್ ಇಳಿಸಿಕೊಂಡರೆ ಮಾತ್ರ ಅದು ಬೇಕೆಂದೇ ಇಳಿಸಿಕೊಂಡದ್ದು. ಅಲ್ಲವೇ?

ಈ ಊರಿನ ನೇರಳೆ ಬಣ್ಣದ ಮೂಗಿನಾಕಾರದ ಮಿಠಾಯಿ ಒಂದಿಷ್ಟು ಇಟ್ಟಿದ್ದೇನೆ. ಹಲ್ಲಿಗೆ ಒಳ್ಳೆಯದಲ್ಲ ಎಂದು ಕಸುಬಿನವನಾಗಿ ಹೇಳಲೇಬೇಕು.

ನಿನ್ನ
ಲೀವನ್


ಸ್ವೆಂಡ್‌ಬೋರ್ಗ್, ಏಪ್ರಿಲ್ 4, 2011

ಪ್ರಿಯ ಲೀವನ್,

ಮಿಠಾಯಿ ದಾರಿಯಲ್ಲೇ ಒಂದಕ್ಕೊಂದು ಅಂಟಿಕೊಂಡು ಒಂದೇ ದೊಡ್ಡ ಮೂಗಾಗಿ ಬಂತು. ಮೆರೆಟೆಯೂ ನಾನೂ ಟಿಕೆಟ್ ಕಿಟಕಿಯ ಹಿಂದೆ ಚಾಕುವಿನಲ್ಲಿ ಕುಯ್ದು ತಿಂದೆವು. ನಿನ್ನ 'ನೀನು' ಕೂಡ ಚೆನ್ನಾಗಿತ್ತು. ಎರಡು ದಿನ ನಾನು ಗಿರಾಕಿಗಳನ್ನು ನೋಡಿ ಸುಮ್ಮಸುಮ್ಮನೆ ನಗುತ್ತಿದ್ದೆನಂತೆ.

ನಿನ್ನೆ ಭಾನುವಾರ, ಕಾಫಿ ಮುಗಿಸಿ, ಮಾಯವಾದದ್ದರ ಬದಲು ನಾವು ಆರಿಸಿದ ಆಲ್ಬಮ್ ಹಾಕಿ ಕೂತೆ. ಮುಗಿದಮೇಲೆ ನಿನ್ನ ಪುಟದಲ್ಲಿ ಎರಡು ಸಾಲು ಗೀಚೋಣವೆಂದು ಹೋದೆ. ಹೋಗಬಾರದಿತ್ತು.

ಮೂರು ಬ್ಯಾಗ್‌ಪೈಪ್ ಆಲ್ಬಮ್. ಮೂರು! ಸ್ಕಾಟ್ಲೆಂಡಿನ ಓಬನ್ ಎಂಬ ಊರಿನ ಯಾವುದೋ ಊದುವ ತಂಡದ್ದು. ತಿಂಗಳ ಕೊನೆಯ ದಿನವೂ ಅಲ್ಲ, ಸರಿಯಾಗಿ ನಡುಮಧ್ಯೆ ಇಳಿಸಿಕೊಂಡಿದ್ದೀಯ. ನಡುವೆ ಇಳಿಸಿಕೊಂಡದ್ದು ಬೇಕೆಂದೇ ಇಳಿಸಿಕೊಂಡದ್ದು ಅಂತ ನೀನೇ ಬರೆದಿದ್ದೀಯಲ್ಲ. ಈಗ ಗೊತ್ತಾಯಿತು ಆ ಮಾತು ಎಲ್ಲಿಂದ ಹುಟ್ಟಿತು ಅಂತ. ನನಗೆ ಮೊದಲೇ ಸೂಚನೆ ಕೊಡುತ್ತಿದ್ದೆ, ಪೆದ್ದಿ ನಾನು, ಮಿಠಾಯಿ ತಿನ್ನುತ್ತಾ ಕೂತಿದ್ದೆ.

ಅದರ ಕೆಳಗೆ ನೆರೆಯವರ ಸಾಲು. ಮೊದಲನೇ ಹೆಸರು: ಮೊರಾಗ್, ಓಬನ್. ನನ್ನದು ಎರಡನೆಯದು.

ನನಗೇನೂ ಇಲ್ಲ, ಲೀವನ್. ಯಾರು ಯಾರ ಪಕ್ಕ ಕೂತರೆ ನನಗೇನು. ಮೆರೆಟೆ ಮಾತ್ರ ಸುಮ್ಮನಿರಲಿಲ್ಲ. "ಯಾಕೆ ಕಣೇ ಮುಖ ಊದಿಸಿಕೊಂಡಿದ್ದೀಯ? ಹಡಗು ತಪ್ಪಿಸಿಕೊಂಡವರ ಹಾಗೆ?" ಅಂದಳು. ಹೇಳಿದೆ. "ಅಯ್ಯೋ, ಮುಖ ನೋಡಿಲ್ಲದ ಗಂಡಸು, ಮುಖ ನೋಡಿಲ್ಲದ ಹೆಂಗಸು, ಅವರಿಬ್ಬರ ಮೇಲೆ ನಿಂಗೆ ಹೊಟ್ಟೆಕಿಚ್ಚಾ?" ಅಂದಳು. ನನಗೆ ಹೊಟ್ಟೆಕಿಚ್ಚಿಲ್ಲ ಅಂತ ಅವಳಿಗೆ ಗಟ್ಟಿಯಾಗಿಯೇ ಹೇಳಿದೆ. ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು.

ಸುಮ್ಮನೆ ಕೇಳುತ್ತೇನೆ. ಯಾರು ಈ ಮೊರಾಗ್?

ಬೋಡಿಲ್


ಗೆಂಟ್, ಏಪ್ರಿಲ್ 13, 2011

ಬೋಡಿಲ್,

ಮೊರಾಗ್ ಯಾರೆಂದು ನನ್ನನ್ನು ಕೇಳುತ್ತೀಯಲ್ಲ! ಚೆನ್ನಾಗಿದೆ.

ಆ ಕಡೆಯ ಸಂಗೀತಕ್ಕೆ ನಾನು ಕಿವಿ ಕೊಟ್ಟದ್ದು ನನ್ನ ಇಷ್ಟದಿಂದಲ್ಲ ಎಂದಷ್ಟೇ ಹೇಳುತ್ತೇನೆ. ಒಬ್ಬರ ಸಲುವಾಗಿ ಕೊಟ್ಟೆ. ಅವರಿಗೆ ಅದರಲ್ಲೇನು ಕಂಡಿತೋ ನನಗೂ ಕಾಣಲಿ ಎಂದು ಹಲ್ಲು ಕಚ್ಚಿ ಕೇಳಿದೆ. ಇದಕ್ಕಿಂತ ಬಿಡಿಸಿ ಹೇಳುವುದು ನನ್ನಿಂದಾಗದು.

ಆ ಮಹಿಳೆ ನನ್ನ ಪುಟದಲ್ಲಿ ಒಂದು ಟಿಪ್ಪಣಿ ಬಿಟ್ಟಿದ್ದರು, 'ನಿಮ್ಮ ಕಿವಿ ಬಂಗಾರದ್ದು' ಎಂದು. ಮರ್ಯಾದೆಗೆ ಎರಡು ಸಾಲು ಉತ್ತರಿಸಿದೆ. ಅವರು ನಾಲ್ಕು ಸಾಲು ಬರೆದರು. ಒಳ್ಳೆಯ ಮಾತುಗಾರ್ತಿ.

ಮೇ ತಿಂಗಳ ಭಾನುವಾರ ನನಗೆ ಕೂರಲಾಗುವುದಿಲ್ಲ. ಗೊಡೆಲೀವ್‌ಳ ಚರ್ಚಿನವರ ಊಟವಿದೆ, ಆಲೂಗಡ್ಡೆ ಸುಲಿಯಲು ನನ್ನನ್ನು ಹಚ್ಚಿದ್ದಾಳೆ. ನಿನಗೆ ಕೇಳಲು ಬೇಕಾದಷ್ಟು ಇದೆ ಎಂದುಕೊಂಡಿದ್ದೇನೆ.

ಲೀವನ್


ಸ್ವೆಂಡ್‌ಬೋರ್ಗ್, ಮೇ 5, 2011

ಮಾನ್ಯ ಲೀವನ್ ಅವರೇ,

ಆಲೂಗಡ್ಡೆ ಚೆನ್ನಾಗಿ ಸುಲಿದಿರೆಂದು ನಂಬಿದ್ದೇನೆ. ಓಬನ್ನಿನಲ್ಲೂ ಆಲೂಗಡ್ಡೆ ತಿನ್ನುತ್ತಾರೆಂದು ಕೇಳಿದ್ದೇನೆ.

ಒಬ್ಬರ ಸಲುವಾಗಿ ಕೇಳಿದಿರಿ, ಅಲ್ಲವೇ? ಹಲ್ಲು ಕಚ್ಚಿ? ನಾಲ್ಕು ವರ್ಷದಲ್ಲಿ ನನ್ನ ಸಲುವಾಗಿ ನೀವು ಹಲ್ಲು ಕಚ್ಚಿದ್ದು ನನಗೆ ನೆನಪಿಲ್ಲ. ನಾನು ಚೆಲ್ಲೊ ವಾದನದ ಆಲ್ಬಮ್ ಕಳಿಸಿದರೆ 'ಸ್ವಲ್ಪ ಒದ್ದೆಯಾಗಿದೆ' ಅಂದಿರಿ. ಆಕೆ ಚರ್ಮದ ಚೀಲಕ್ಕೆ ಗಾಳಿ ತುಂಬಿ ಕಿರುಚಿಸಿದರೆ ಕಿವಿ ಬಂಗಾರವಾಯಿತು.

ಇರಲಿ. ನನಗೂ ಕಿವಿ ಇವೆ. ಆ ತಂಡ ಮಾಡಿದ ಆಲ್ಬಮ್ಮುಗಳನ್ನೆಲ್ಲ ನಾನೂ ಇಳಿಸಿಕೊಂಡೆ, ಒಂದೂ ಬಿಡದೆ. ತಿಂಗಳ ಪಡಿಯೆಲ್ಲ ಅದಕ್ಕೇ ಹೋಯಿತು. ಅದರಲ್ಲೊಂದನ್ನು 'ಈಗಾಗಲೇ ಇಳಿಸಿಕೊಂಡಿದ್ದೀರಿ' ಎಂದಿತು ಅಂಗಡಿ. ಪಾಪ, ಅದಕ್ಕೂ ಈಗ ತಲೆ ನೆಟ್ಟಗಿಲ್ಲ. ನಿನ್ನೆ ಟಿಕೆಟ್ ಕಿಟಕಿಯಲ್ಲಿ ಜೋರಾಗಿ ಹಾಕಿದೆ. ಜರ್ಮನಿಯ ಒಬ್ಬ ಮುದುಕ ಎರಡೂ ಕಿವಿ ಮುಚ್ಚಿಕೊಂಡು, "ಹಡಗು ಕೆಟ್ಟು ನಿಂತಿದೆಯೇನಮ್ಮಾ?" ಎಂದು ಕೇಳಿದ. ಇಲ್ಲ, ಇದು ಮಹಾನ್ ಸಂಗೀತ, ಬಂಗಾರದ ಕಿವಿಯವರಿಗೆ ಮಾತ್ರ ತಿಳಿಯುತ್ತದೆ ಅಂದೆ.

ನೆರೆಯವರ ಸಾಲನ್ನು ಈಗೊಮ್ಮೆ ನೋಡಿಕೊಳ್ಳಿ. ಮೊದಲನೇ ಹೆಸರು ಯಾರದಿದೆ ನೋಡಿ. ಹರಟೆಕಟ್ಟೆಯವರೆಲ್ಲ ಅಂಗಡಿ ಮುಳುಗುತ್ತದೆಂದು ಹೆದರುತ್ತಿದ್ದಾರೆ. ನನಗೇನು ಹೆದರಿಕೆ. ಮುಳುಗಿದರೆ ಮೊದಲನೇ ಜಾಗದಲ್ಲಿದ್ದುಕೊಂಡೇ ಮುಳುಗುತ್ತೇನೆ.

ಬೋಡಿಲ್ ರಾವ್ನ್‌ಕಿಲ್ಡೆ


ಗೆಂಟ್, ಮೇ 17, 2011

ಗೌರವಾನ್ವಿತ ಬೋಡಿಲ್ ಅವರಿಗೆ,

ಅಂಗಡಿಯ ತಲೆ ನೆಟ್ಟಗೇ ಇದೆ. ತಪ್ಪನ್ನು ಅದರ ಮೇಲೆ ಹಾಕಬೇಡಿ. ಓಬನ್ ತಂಡದ ಮೊದಲನೇ ಆಲ್ಬಮ್ಮನ್ನು ನೀವು ಫೆಬ್ರವರಿ ಹದಿನೆಂಟರಂದು ಇಳಿಸಿಕೊಂಡಿರಿ. ನಿಮ್ಮ ಪುಟದಲ್ಲಿ ಕಣ್ಣಾರೆ ಕಂಡೆ. ತಿಂಗಳ ನಡುವೆ, ನನಗೊಂದು ಮಾತೂ ಹೇಳದೆ. ಮಾರ್ಚ್‌ನಲ್ಲಿ ನಾನು ಕೇಳಿದೆ, ಹೊಸದಾಗಿ ಏನಾದರೂ ಕೇಳುತ್ತಿದ್ದೀಯಾ ಎಂದು. ನೀವು ಮಿಠಾಯಿಯ ಸುದ್ದಿ ಬರೆದಿರಿ.

ಆ ಒಬ್ಬರು ಯಾರೆಂದು ಇನ್ನೂ ತಿಳಿಯದಿದ್ದರೆ ಹೇಳುತ್ತೇನೆ: ನೀವು. ನಿಮಗೆ ಇಷ್ಟವಾದದ್ದು ನನಗೆ ಗೊತ್ತಿರಲಿ ಎಂದು ಆ ಮೂರು ಆಲ್ಬಮ್ ಇಳಿಸಿಕೊಂಡೆ. ಎರಡನೆಯದರಲ್ಲೇ ತಲೆನೋವು ಶುರುವಾಯಿತು. ಒಂದು ಕೆಳದವಡೆಗೆ ಹಲ್ಲುಗಳನ್ನು ಹಿಂದುಮುಂದಾಗಿ ಕೂರಿಸಿದೆ.

ಈಗ ನಿಮ್ಮ ಪುಟ ನೋಡಿದೆ. ನಿಮ್ಮ ನೆರೆಯವರ ಸಾಲಿನಲ್ಲಿ ಮೊದಲು ಮೊರಾಗ್, ನಂತರ ನಾನು. ನಿಮಗೂ ಅವರು ಟಿಪ್ಪಣಿ ಬಿಟ್ಟಿದ್ದಾರೆ, ನೀವು ಮಾರುದ್ದ ಉತ್ತರಿಸಿದ್ದೀರಿ. 'ಪ್ರಿಯ ಮೊರಾಗ್' ಎಂದು. ನನಗೆ 'ಮಾನ್ಯ'. ನನ್ನ ಜೀವಮಾನದಲ್ಲಿ ಯಾವ ಹೆಂಗಸಿನ ಮೇಲೂ ನನಗೆ ಇಷ್ಟು ಹೊಟ್ಟೆ ಉರಿದಿಲ್ಲ, ಆಕೆಯನ್ನು ನಾನು ನೋಡಿಯೂ ಇಲ್ಲ.

ಗೊಡೆಲೀವ್ ಹೇಳಿದಳು: "ನೋಡ್ದ್ಯಾ? ಇಬ್ಬರು ಹೆಂಗಸರೂ ಒಂದಾದ್ರು, ನೀನು ಬಾಗಿಲ ಹೊರಗೆ ನಿಂತೆ. ಒಳ್ಳೇದೇ ಆಯ್ತು ಬಿಡು. ಆದ್ರೆ ಆ ಊದೋದನ್ನ ಮಾತ್ರ ನಿಲ್ಲಿಸ್ಬೇಡ. ನಂಗೆ ಅದು ಹಿಡಿಸ್ತಿದೆ." ಹೌದು. ನನ್ನ ಅಕ್ಕನಿಗೆ ಬ್ಯಾಗ್‌ಪೈಪ್ ಹಿಡಿಸಿದೆ. ಬೆಳಿಗ್ಗೆ ಎದ್ದರೆ ಅದನ್ನೇ ಹಾಕುತ್ತಾಳೆ. ಹೀಗಾಗಿದೆ ನನ್ನ ಗತಿ.

ಜೂನ್ ಒಂದರಂದು ಚಂದಾ ನಿಲ್ಲಿಸುತ್ತೇನೆ. ಫಿನ್ಲೆಂಡಿನವನಂತಲ್ಲ, ಒಂದೇ ಸಲ ಹೇಳಿ ಹೋಗುವವನು ನಾನು.

ಲೀವನ್ ಡೆ ಕ್ಲಿಪ್ಪೆಲೇರ್


ಸ್ವೆಂಡ್‌ಬೋರ್ಗ್, ಮೇ 24, 2011

ಲೀವನ್, ಲೀವನ್,

ಚಂದಾ ನಿಲ್ಲಿಸಬೇಡ. ಮೊದಲು ಇದನ್ನು ಓದು, ಆಮೇಲೆ ಬೇಕಾದರೆ ಬೈ.

ನಿನ್ನ ಕಾಗದವನ್ನು ನಿಂತಲ್ಲೇ ಓದಿ, ಗಿರಾಕಿಗಳನ್ನು ಮೆರೆಟೆಗೆ ಒಪ್ಪಿಸಿ, ಹಿಂದಿನ ಕೋಣೆಗೆ ಹೋಗಿ ನಕ್ಕೆ. ಆಮೇಲೆ ಅತ್ತೆ. ಮೆರೆಟೆ ಬಾಗಿಲು ತಟ್ಟಿ, "ಯಾರಾದ್ರೂ ಸತ್ರೇನೇ?" ಅಂದಳು. ಇಲ್ಲ, ತಳ ಕೆರೆದೆ ಅಂದೆ. ತಳ ಕೆರೆದರೆ ಅಳುವುದೇಕೆಂದು ಅವಳಿಗೆ ಅರ್ಥವಾಗಲಿಲ್ಲ. ಈ ಲೋಕದಲ್ಲಿ ನಿನಗೊಬ್ಬನಿಗೇ ಅದು ಅರ್ಥವಾಗುವುದು.

ಜನವರಿಯಲ್ಲಿ ನನ್ನ ಬ್ಯಾಂಕಿನ ಕಾರ್ಡು ಬದಲಾಯಿತು. ಅಂಗಡಿ ಹಳೆಯ ಚಂದಾ ರದ್ದು ಮಾಡಿ, ನಾನು ಮತ್ತೆ ಸೇರಿದ ದಿನದಿಂದ ಹೊಸ ತಿಂಗಳು ಎಣಿಸಿತು. ನಿನ್ನ ತಿಂಗಳು ಎಲ್ಲರ ತಿಂಗಳ ಹಾಗೆ ಮುಗಿಯುತ್ತದೆ. ನನ್ನದು ಹದಿನೆಂಟಕ್ಕೆ ಮುಗಿಯುತ್ತದೆ, ಲೀವನ್. ಹದಿನೆಂಟೇ ನನ್ನ ಕೊನೆಯ ದಿನ! ಆ ದಿನ ಮೆರೆಟೆಯ ಹುಟ್ಟುಹಬ್ಬ, ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದೆ. ಏಳು ಹಾಡು ಉಳಿದಿದ್ದವು. ಏಳು ಹಾಡಿನ ಆಲ್ಬಮ್ ಯಾವುದಿದೆ ಎಂದು ಹುಡುಕಿ, ಮೊದಲು ಸಿಕ್ಕಿದ್ದನ್ನು ಒತ್ತಿ ಹೊರಟೆ. ಹೆಸರು ಓದಲಿಲ್ಲ. ಇವತ್ತಿನವರೆಗೂ ಅದನ್ನು ಕೇಳಿಲ್ಲ. ನಿನ್ನ ಮಕ್ಕಳ ಕ್ರಿಸ್‌ಮಸ್ ಮೇಳ ನನ್ನ ಪಾಲಿಗೆ ಓಬನ್ನಿನ ಬ್ಯಾಗ್‌ಪೈಪ್ ಆಗಿ ಬಂತು, ಅಷ್ಟೇ.

ಅದನ್ನು ನೋಡಿ ನೀನು ಮೂರು ಇಳಿಸಿಕೊಂಡೆ. ನಿನ್ನ ಮೂರನ್ನು ನೋಡಿ ನಾನು ಮಿಕ್ಕಿದ್ದನ್ನೆಲ್ಲ ಇಳಿಸಿಕೊಂಡೆ. ನಾವಿಬ್ಬರೂ ಹೀಗೆ ಪೈಪೋಟಿಗೆ ಬಿದ್ದು ಆ ಮೊರಾಗ್‌ಳ ಮಡಿಲಲ್ಲಿ ಹೋಗಿ ಕೂತೆವು. ಆಕೆಗೆ ನಾನು ಬರೆದ ಮಾರುದ್ದದ ಟಿಪ್ಪಣಿಯ ಒಳಗುಟ್ಟು ಗೊತ್ತೇ? ಆಕೆಯ ವಯಸ್ಸೆಷ್ಟು, ಮದುವೆಯಾಗಿದೆಯೇ, ಗೆಂಟ್‌ಗೆ ಬರುವ ಯೋಚನೆಯಿದೆಯೇ ಎಂದು ಸುತ್ತಿ ಬಳಸಿ ಕೇಳಿದ್ದೆ. ಆಕೆ ನಗಾರಿಯ ಸುದ್ದಿ ಮಾತ್ರ ಬರೆದರು.

ನನಗೆ ಹೊಟ್ಟೆಕಿಚ್ಚು. ಬರೆದೇಬಿಟ್ಟೆ. ಏಪ್ರಿಲ್‌ನಿಂದ ಸರಿಯಾಗಿ ಊಟ ಮಾಡಿಲ್ಲ. ಟಿಕೆಟ್ ಕೊಳ್ಳಲು ಬಂದ ಹೆಂಗಸು ಸ್ಕಾಟ್ಲೆಂಡಿನವಳೆಂದು ತಿಳಿದರೆ ಬೇಕೆಂದೇ ಕೆಳಗಿನ ಡೆಕ್ಕಿನ ಜಾಗ ಕೊಟ್ಟಿದ್ದೇನೆ.

ಅಂಗಡಿಯವರ ಕಾಗದ ನಿನಗೂ ಬಂದಿರಬೇಕು. ಬೇರೆ ಯಾರೋ ಕೊಂಡುಕೊಂಡರಂತೆ. ಜೂನ್ ಕೊನೆಯ ದಿನ ನಮ್ಮ ಪುಟಗಳು, ಟಿಪ್ಪಣಿಗಳು, ನೆರೆಯವರು, ಹರಟೆಕಟ್ಟೆ ಎಲ್ಲ ಮುಚ್ಚಿ, ಹಾಡುಗಳನ್ನಷ್ಟೇ ಮಾರುತ್ತಾರಂತೆ. ಹಾಡು ಎಲ್ಲಾದರೂ ಸಿಗುತ್ತದೆ, ನನಗೆ ಅದರ ಚಿಂತೆಯಿಲ್ಲ. ನಿನ್ನ ಹೆಸರಿನ ಪಕ್ಕ ನನ್ನ ಹೆಸರು ಇನ್ನೆಲ್ಲಿ ಸಿಗುತ್ತದೆ? ಅಷ್ಟು ಹೇಳು.

ಬರೆ. ಬೈದಾದರೂ ಬರೆ.

ನಿನ್ನ
ಬೋಡಿಲ್


ಸ್ವೆಂಡ್‌ಬೋರ್ಗ್, ಜುಲೈ 8, 2011

ಲೀವನ್,

ಜೂನ್ ಪೂರ್ತಿ ಕಾದೆ. ಬೇಸಿಗೆ ನಡುವಿನ ಮಿಡ್‌ಸಮ್ಮರ್ ಹಬ್ಬಕ್ಕೆ ಕಡಲ ದಂಡೆಯಲ್ಲಿ ಸೌದೆ ಒಟ್ಟಿ ಬೆಂಕಿ ಹಾಕಿದರು, ಎಲ್ಲರೂ ಹಾಡಿದರು, ನಾನು ಅಂಚೆಯವನ ಹೆಂಡತಿಯ ಪಕ್ಕ ನಿಂತು ಅವಳ ಗಂಡ ಕಾಗದ ಕಳೆದುಹಾಕುವವನೇ ಎಂದು ವಿಚಾರಿಸಿದೆ. ಅವಳಿಗೆ ಸಿಟ್ಟು ಬಂತು.

ಕೊನೆಯ ದಿನ ಪುಟ ನೋಡಬೇಕೆಂದು ಓಡಿ ಮನೆಗೆ ಬಂದೆ. ಬೇಸಿಗೆಯ ಜನಜಂಗುಳಿ, ಕಿಟಕಿ ಬಿಟ್ಟು ಬರಲು ಸಂಜೆಯಾಗಿತ್ತು. ರಾತ್ರಿ ಹನ್ನೆರಡರವರೆಗೂ ತೆರೆದಿರುತ್ತದೆ ಎಂದಿದ್ದರಲ್ಲ. ನಾನು ಬರುವಷ್ಟರಲ್ಲಿ ಎಲ್ಲ ಖಾಲಿ. ನೀನಿಲ್ಲ, ನಾನಿಲ್ಲ, ಬೂದು ಗೆರೆಯೂ ಇಲ್ಲ.

ನೀನು ಓಬನ್ನಿಗೆ ಹೋಗಿರಬೇಕೆಂದು ಮೆರೆಟೆ ಅನ್ನುತ್ತಾಳೆ. ತಮಾಷೆಗೆ ಅನ್ನುತ್ತಾಳೆ, ನಾನು ನನ್ನ ರೈ ಬ್ರೆಡ್ಡನ್ನು ಕಡಲಹಕ್ಕಿಗಳಿಗೆ ಹಾಕಿ ಬರುತ್ತೇನೆ. ಹೋಗಿದ್ದರೆ ಹಾಗಂತ ಬರೆದುಬಿಡು. ನಾನು ಇನ್ನು ಕೇಳುವುದಿಲ್ಲ.

ಬೋಡಿಲ್


ಗೆಂಟ್, ಜುಲೈ 14, 2011

ನನ್ನ ಬೋಡಿಲ್,

ನಾನು ನಿನ್ನ ಉತ್ತರಕ್ಕೆ ಕಾಯುತ್ತಿದ್ದೆ! ಹದಿನೈದು ದಿನದಿಂದ ಅಂಚೆ ಡಬ್ಬಿ ತೆರೆದು ಮುಚ್ಚಿ ತೆರೆದು ಮುಚ್ಚಿ, ಅದರ ತಿರುಗಣಿಯೇ ಕಿತ್ತು ಬಂದಿದೆ. ಗೊಡೆಲೀವ್ ಕೇಳಿದಳು, "ಡಬ್ಬಿಗೂ ಹಲ್ಲಿನ ಸೆಟ್ ಕೂರಿಸ್ತಿದ್ದೀಯೇನೋ?" ಅಂತ.

ಮೇ ಕೊನೆಯಲ್ಲಿ ನಿನ್ನ ಕಾಗದ ಬಂತು. ಓದಿದವನೇ ಚಂದಾ ನಿಲ್ಲಿಸುವ ಯೋಚನೆ ಬಿಟ್ಟೆ. ಹದಿನೆಂಟೇ ಕೊನೆಯ ದಿನ! ಜೂನ್ ಇಡೀ ಉತ್ತರ ಬರೆದು ಹರಿದೆ, ಬರೆದು ಹರಿದೆ. ನಿನ್ನಷ್ಟು ನೇರವಾಗಿ ಹೇಳುವುದು ನನ್ನ ಕೈಗೆ ಬರುವುದಿಲ್ಲ. ಕೊನೆಗೆ, ಹರಟೆಕಟ್ಟೆಯವರೆಲ್ಲ ಒಬ್ಬರ ಪುಟದಲ್ಲೊಬ್ಬರು ವಿದಾಯ ಬರೆಯುತ್ತಿದ್ದುದನ್ನು ನೋಡಿ ಧೈರ್ಯ ಬಂತು. ಕೊನೆಯ ದಿನ ಬೆಳಿಗ್ಗೆ, ಎಲ್ಲರಿಗೂ ಕಾಣುವ ಹಾಗೆ, ಹರಟೆಕಟ್ಟೆಯ ಇಂಗ್ಲಿಷಿನಲ್ಲಿ, ನಿನ್ನ ಪುಟದಲ್ಲೇ ಬರೆದೆ. ಕಾಗದದಲ್ಲಿ ಬರೆಯಲಾಗದೆ ತಿಂಗಳಿಡೀ ಹರಿದು ಹಾಕಿದ್ದನ್ನೆಲ್ಲ ಅಲ್ಲಿ ಬರೆದೆ. ನೀನು ಓದುತ್ತೀಯ, ನಗುತ್ತೀಯ, ಕಾಗದ ಹಾಕುತ್ತೀಯ ಎಂದುಕೊಂಡೆ.

ಹನ್ನೆರಡು ಅಂದರೆ ಅವರು ಮಧ್ಯಾಹ್ನದ ಹನ್ನೆರಡು ಮಾಡಿದರಂತೆ. ಕೊನೆಯ ದಿನವೂ ಆ ಅಂಗಡಿಗೆ ಒಂದು ಕೆಲಸ ಸರಿಯಾಗಿ ಮಾಡಲಾಗಲಿಲ್ಲ. ನನ್ನ ಮಾತು ಅದರ ಜೊತೆಗೇ ಮುಳುಗಿತು.

ಮತ್ತೆ ಬರೆ ಎನ್ನಬೇಡ. ಒಂದು ಸಲಕ್ಕೆಂದು ಕೂಡಿಟ್ಟ ಧೈರ್ಯ ಅದು. ಒಬ್ಬರು ಮಾತ್ರ ಅದನ್ನು ಓದಿದರು. ಅದನ್ನೂ ಹೇಳಿಬಿಡುತ್ತೇನೆ, ಇನ್ನು ಏನನ್ನೂ ಮುಚ್ಚಿಡುವ ಶಕ್ತಿ ನನಗಿಲ್ಲ. ಮೊರಾಗ್ ಓದಿದರು. ಕಾಗದ ಬರೆದಿದ್ದಾರೆ: 'ನಿಮ್ಮ ಡೆನ್ಮಾರ್ಕಿನ ಗೆಳತಿಗೆ ನೀವು ಬರೆದದ್ದನ್ನು ಕಂಡೆ. ಕಣ್ಣಲ್ಲಿ ನೀರು ಬಂತು.'

ಮೊರಾಗ್‌ಗೆ ಎಪ್ಪತ್ತೊಂಬತ್ತು ವರ್ಷ. ಆ ತಂಡದಲ್ಲಿ ದೊಡ್ಡ ನಗಾರಿ ಬಾರಿಸುವವರು ಅವರೇ. ಆಲ್ಬಮ್ಮುಗಳನ್ನು ಅಂಗಡಿಗೆ ಹಾಕಿದವರೂ ಅವರೇ. ಇಷ್ಟು ವರ್ಷದಲ್ಲಿ ಅವನ್ನು ಊರಾಚೆ ಇಳಿಸಿಕೊಂಡವರು ನಾವಿಬ್ಬರೇ ಅಂತೆ, ಬೋಡಿಲ್. ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ, ಯುರೋಪಿನಲ್ಲಿ ನಮಗೆ ಇಬ್ಬರು ಪರಮಭಕ್ತರಿದ್ದಾರೆ ಎಂದು. ಆಗಸ್ಟ್ ಹದಿಮೂರರಂದು ಓಬನ್ನಿನ ಸಭಾಂಗಣದಲ್ಲಿ ತಂಡದ ಹಬ್ಬ. ನಮ್ಮಿಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಬೇಕೆಂಬುದು ಅವರ ಆಸೆ. ನನ್ನ ವಿಳಾಸವನ್ನು ಪುಟದಲ್ಲೇ ಕೇಳಿ ಬರೆದುಕೊಂಡಿದ್ದರು, ನಿನ್ನದು ಗೊತ್ತಿಲ್ಲದ್ದರಿಂದ ನನಗೇ ಬರೆದಿದ್ದಾರೆ.

ತಳ ಕೆರೆದ ಸುದ್ದಿ ಅವರಿಗೆ ಹೇಳುವ ಹಾಗಿಲ್ಲ. ನಾನು ಬರುತ್ತೇನೆ ಎಂದು ಬರೆದೆ. ಗೊಡೆಲೀವ್ ಟಿಕೆಟ್ಟನ್ನೂ ಮಾಡಿಸಿದಳು, ತನಗೂ ಸೇರಿಸಿ. ನಮ್ಮ ಮೂವರಲ್ಲಿ ನಿಜವಾದ ಭಕ್ತೆ ಅವಳೊಬ್ಬಳೇ.

ನೀನು ಬರುತ್ತೀಯಾ?

ನಿನ್ನ
ಲೀವನ್


ಸ್ವೆಂಡ್‌ಬೋರ್ಗ್, ಜುಲೈ 21, 2011

ಲೀವನ್,

ಆಕೆ ಓದಿದಳು!

ಎಪ್ಪತ್ತೊಂಬತ್ತಾದರೇನು, ತೊಂಬತ್ತೊಂಬತ್ತಾದರೇನು. ನನಗೆಂದು ಬರೆದದ್ದನ್ನು ನನಗಿಂತ ಮೊದಲು ಆಕೆ ಓದಿದಳು. ನಾನು ಟಿಕೆಟ್ ಹರಿಯುತ್ತಾ ನಿಂತಿದ್ದ ಹೊತ್ತಿನಲ್ಲಿ ಓಬನ್ನಿನಲ್ಲಿ ಕೂತು ಕಣ್ಣೊರೆಸಿಕೊಂಡಳು. ಮೂರು ತಿಂಗಳು ಇಲ್ಲದ್ದಕ್ಕೆ ಉರಿದೆ, ಈಗ ಉರಿಯಲು ಸರಿಯಾದ ಕಾರಣ ಸಿಕ್ಕಿದೆ. ಆ ಮಾತು ಈಗ ಲೋಕದಲ್ಲಿ ಎರಡೇ ಕಡೆ ಇದೆ, ನಿನ್ನ ತಲೆಯಲ್ಲಿ ಮತ್ತು ಆಕೆಯ ತಲೆಯಲ್ಲಿ. ನನ್ನ ಬಳಿ ಮಾತ್ರ ಇಲ್ಲ.

ಬರುತ್ತೇನೆ. ರಜೆ ಕೇಳಿದ್ದಕ್ಕೆ ಮೆರೆಟೆ, "ಹೋಗು ಮಾರಾಯ್ತಿ, ಆ ಊದೋದನ್ನ ಅಲ್ಲೇ ಬಿಟ್ಟು ಬಾ" ಅಂದಳು. ಹಡಗು, ರೈಲು, ಮತ್ತೆ ಹಡಗು. ನಾನೇ ನನಗೆ ಟಿಕೆಟ್ ಹರಿದುಕೊಂಡೆ. ಮೊರಾಗ್‌ಗೆ ಚೆನ್ನಾಗಿಯೇ ನಮಸ್ಕಾರ ಹೇಳುತ್ತೇನೆ, ಅವರ ತಂಡವನ್ನು ಬಾಯ್ತುಂಬ ಹೊಗಳುತ್ತೇನೆ, ಅವರ ಮನಸ್ಸಿಗೆ ನೋವಾಗುವ ಒಂದು ಮಾತೂ ಆಡುವುದಿಲ್ಲ. ಆದರೆ ಸಭಾಂಗಣಕ್ಕೆ ನೀನು ಮೊದಲು ಹೋದರೆ ನಿನ್ನ ಪಕ್ಕದ ಕುರ್ಚಿಗೆ ಕೋಟು ಹಾಕಿಡು. ಯಾರು ಬಂದು ಕೇಳಿದರೂ ತೆಗೆಯಬೇಡ. ಗೊಡೆಲೀವ್ ಕೇಳಿದರೂ.

ಪುಟದಲ್ಲಿ ಏನು ಬರೆದಿದ್ದೆ ಎಂದು ಈಗ ಕಾಗದದಲ್ಲಿ ಬರೆಯಬೇಡ. ಇನ್ನು ನಮ್ಮ ನಡುವೆ ಅಂಗಡಿಯೂ ಬೇಡ, ಅಂಚೆಯೂ ಬೇಡ. ಓಬನ್ನಿನವರು ಚೀಲಕ್ಕೆಲ್ಲ ಗಾಳಿ ತುಂಬಿ, ಒಟ್ಟಿಗೆ ಊದಲು ಶುರು ಮಾಡುತ್ತಾರಲ್ಲ, ನಿನಗೆ ತಲೆನೋವು ಬರುವ ಆ ಜಾಗ, ಆಗ ಬಗ್ಗಿ ನನ್ನ ಕಿವಿಯಲ್ಲಿ ಹೇಳು.

ಆ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಿಸುವುದಿಲ್ಲ.

ನಿನ್ನ
ಬೋಡಿಲ್